ನಿಂಬೆಯ ತಿರುವಿನವರೆಗೆ

ಫೆಬ್ರವರಿ 9

ಮೊಂಡನಿಗೆ,

ಈ ಹಾಳೆಯನ್ನು ಅಪ್ಪನಿಗೆ ಓದಿ ಹೇಳಬೇಡ. ಲಕೋಟೆಯಲ್ಲಿ ಇನ್ನೊಂದು ಹಾಳೆ ಇದೆ. ಇಲ್ಲಿನ ಚಳಿ, ನನ್ನ ಮೊಣಕಾಲು ನೋವು, ಎದುರುಮನೆಯವಳ ನಾಯಿ ಎಲ್ಲ ಅದರಲ್ಲಿದೆ, ಅದನ್ನು ಓದು. ಫೋನ್ ಇಟ್ಟ ಮೇಲೆ ಏನೂ ಉಳಿಯುವುದಿಲ್ಲ, ಕಾಗದವಾದರೆ ಬೇಕೆಂದಾಗ ಮತ್ತೆ ಓದಿಸಿಕೊಳ್ಳಬಹುದು ಎಂದು ಹಟ ಹಿಡಿದು ಈ ಕಾಲದಲ್ಲೂ ನಮ್ಮಿಬ್ಬರಿಗೆ ಪತ್ರ ಬರೆಯುವ ಕೆಲಸ ಹಚ್ಚಿದವನು ಅವನೇ. ಆದರೆ ಇದೊಂದು ನಿನಗೆ ಮಾತ್ರ.

ಹೋದ ತಿಂಗಳು ನಮ್ಮ ಕಂಪನಿ ಪೊಟ್ಟಣದಲ್ಲಿ ಮಾರುವ ಸೊಪ್ಪನ್ನು ಹಸಿಯಾಗಿಯೇ ತಿಂದು ಇಲ್ಲಿ ಜನ ಆಸ್ಪತ್ರೆ ಸೇರಿದರು. ಒಂದು ಮಗು ತೀರಿಕೊಂಡಿತು. ಯಾವ ದೇಶದ ಯಾವ ಹೊಲದ ಎಲೆಯಿಂದ ಹಾಗಾಯಿತು ಎಂದು ಯಾರಿಗೂ ಗೊತ್ತಿಲ್ಲ. ಒಂದೇ ಪೊಟ್ಟಣದಲ್ಲಿ ನಾಲ್ಕಾರು ಕಡೆಯ ಎಲೆ ಬೆರೆತಿರುತ್ತದೆ. ದೊಡ್ಡ ಅಂಗಡಿಗಳವರು ನಡುಗಿಹೋಗಿದ್ದಾರೆ. ಇನ್ನು ಮುಂದೆ ಹೊಲದ ಸುತ್ತ ಹಕ್ಕಿ ಕೂರುವಂಥದ್ದು, ಇಲಿ ಅಡಗುವಂಥದ್ದು ಏನೂ ಇರಕೂಡದಂತೆ. ಸುತ್ತ ಬೋಳು ನೆಲ, ಅದರಾಚೆ ಪ್ರಾಣಿಗಳು ದಾಟದಂತೆ ಕಂದಕ. ಈ ನಿಯಮ ಬರೆಯುವ ಕೋಣೆಯಲ್ಲಿ ನಾನೂ ಕೂತಿದ್ದೇನೆ. ಇನ್ನೂ ಹೊರಗೆ ಬಂದಿಲ್ಲ, ಬಂದೇ ಬರುತ್ತದೆ. ಬಂದ ಮೇಲೆ ಎಲ್ಲರೂ ಒಟ್ಟಿಗೆ ಓಡುತ್ತಾರೆ. ನೀನು ಅದಕ್ಕೆ ಮೊದಲೇ ಗಿಡಗಳ ಬೇಲಿ ಕೀಳಿಸಿಬಿಡು, ನಿನ್ನ ಹೊಲ ಮೊದಲು ಪಾಸಾಗಲಿ.

ಇನ್ನೊಂದು ಮಾತು. ನನಗೊಬ್ಬ ತಮ್ಮನಿದ್ದಾನೆ, ಅವನು ನಮಗೇ ಸೊಪ್ಪು ಬೆಳೆದು ಕಳಿಸುತ್ತಾನೆ ಎಂದು ಆಫೀಸಿನಲ್ಲಿ ಯಾರಿಗೂ ಗೊತ್ತಿಲ್ಲ. ತಮ್ಮನಿಗೆ ಒಳಗಿನ ಸುದ್ದಿ ಕೊಟ್ಟಳೆಂದು ನಿನ್ನ ಸೊಪ್ಪನ್ನೂ ಕೈಬಿಡುತ್ತಾರೆ, ನನ್ನನ್ನೂ ಕೆಲಸದಿಂದ ತೆಗೆಯುತ್ತಾರೆ. ಬಾಯಿ ಭದ್ರ.

ಅಕ್ಕ

ಫೆಬ್ರವರಿ 21

ಅಕ್ಕನಿಗೆ,

"ದೊಡ್ಡ ಆಫೀಸಿನ ಮೇಡಂನೋರಿಗೆ" ಎಂದು ಶುರು ಮಾಡಿದ್ದೆ, ಇವಳು ನೋಡಿ ಬೈದಳು. ಹೆಂಡತಿಗೂ ನೀನೆಂದರೆ ಭಯ, ಏನು ಮಾಡಲಿ.

ನಾಯಿಯ ಹಾಳೆಯನ್ನು ಅಪ್ಪನಿಗೆ ಓದಿದೆ. ಎರಡು ಸಲ ಓದಿಸಿದ. "ಇನ್ನೊಂದು ಹಾಳೆ ಇರ್ಬೇಕಲ್ಲೋ, ಲಕೋಟೆ ದಪ್ಪ ಇತ್ತು" ಎಂದ. ಕಣ್ಣು ಹೋದ ಮೇಲೆ ಅವನ ಬೆರಳು ಪೊಲೀಸಾಗಿವೆ. ಖಾಲಿ ಹಾಳೆ ಅಂದೆ.

ಅಕ್ಕ, ನೀನು ಹೇಳುವುದು ಅರ್ಥವಾಗುತ್ತದೆ. ಆ ಮಗುವಿನ ವಿಷಯ ಓದಿದ ದಿನ ಸೊಪ್ಪು ತೊಳೆಯುವ ತೊಟ್ಟಿಯನ್ನು ಎರಡು ಸಲ ಉಜ್ಜಿದೆ. ಆದರೆ ಬೇಲಿ ಕೀಳು ಎಂದು ಒಂದೇ ಸಾಲಿನಲ್ಲಿ ಬರೆದುಬಿಟ್ಟೆಯಲ್ಲ, ನೀನು ಮನೆಗೆ ಬಂದು ತುಂಬ ಕಾಲವಾಯಿತು, ನಿನಗೆ ಗೊತ್ತಿಲ್ಲ. ಅಪ್ಪ ಈಗ ಆ ಬೇಲಿಯನ್ನು ಹಿಡಿದುಕೊಂಡೇ ಓಡಾಡುವುದು. ಬೆಳಿಗ್ಗೆ ಪಂಪು ಶುರುವಾದ ಸದ್ದು ಕೇಳಿದರೆ ಸಾಕು, ಎದ್ದು ಹೊರಡುತ್ತಾನೆ. ಎಡಗೈಯಲ್ಲಿ ಎಲೆ ತಡವುತ್ತಾ, ಮನೆಯ ಮೂಲೆಯಿಂದ ಪಂಪ್‌ಮನೆಯವರೆಗೆ ಒಬ್ಬನೇ. ಅಮ್ಮ ಕೈಗೆ ಸಿಕ್ಕಿದ್ದನ್ನೆಲ್ಲ ಸಾಲಾಗಿ ನೆಟ್ಟಿದ್ದಳಲ್ಲ, ಈಗ ಅದೇ ಅವನಿಗೆ ದಾರಿ. ಮೆತ್ತಗಿನ ಎಲೆ ಸಿಕ್ಕರೆ ಇಲ್ಲಿದ್ದೀನಿ, ಮುಳ್ಳು ಚುಚ್ಚಿದರೆ ಅಲ್ಲಿಗೆ ಬಂದೆ ಅನ್ನುತ್ತಾನೆ. ನಿಂಬೆಯ ವಾಸನೆ ಬಂತೆಂದರೆ ಬಲಕ್ಕೆ ತಿರುಗುತ್ತಾನೆ. ಪಂಪ್‌ಮನೆಯ ಕಟ್ಟೆಯ ಮೇಲೆ ಕೂತು ಸದ್ದು ಕೇಳಿ, "ನೀರಿನ ಬದ್ಲು ಗಾಳಿ ಎಳೀತಾ ಇದೆ ಕಣೋ, ನೋಡು" ಎಂದು ಕೂಗುತ್ತಾನೆ. ಮುಕ್ಕಾಲು ಪಾಲು ತಪ್ಪೇ ಹೇಳುತ್ತಾನೆ. ನಾನು ಹೋಗಿ ನೋಡಿದಂತೆ ಮಾಡಿ, ಸರಿಹೋಯಿತಪ್ಪಾ ಅನ್ನುತ್ತೇನೆ. ಅಷ್ಟಾದರೆ ಅವನ ದಿನ ತುಂಬಿತು.

ಬೇರೆ ದಾರಿ ಇಲ್ಲವಾ ನೋಡು.

ಅಪ್ಪ ಬರೆಸಿದ್ದು: "ಮೊಣಕಾಲಿಗೆ ಬಿಸಿನೀರಿನ ಶಾಖ ಕೊಟ್ಕೋ. ಎದುರುಮನೆಯೋಳ ಜೊತೆ ನಾಯಿ ವಿಷಯಕ್ಕೆ ಕಾಲು ಕೆರೆದು ಜಗಳಕ್ಕೆ ಹೋಗ್ಬೇಡ. ಯಾವಾಗ ಬರ್ತೀಯ?"

ನಿನ್ನ ಮೊಂಡ

ಮಾರ್ಚ್ 5

ಮೊಂಡ,

ಬೇರೆ ದಾರಿ ಹುಡುಕಿದೆ. ಇಲ್ಲ.

ಕೋಣೆಯಲ್ಲಿ ನಾನೊಬ್ಬಳೇ ಇಲ್ಲ ಕಣೋ. ಅಂಗಡಿಯವರು, ವಕೀಲರು, ವಿಮೆಯವರು ಕೂತಿರುತ್ತಾರೆ. ಅವರಲ್ಲಿ ಯಾರೂ ಹೊಲ ಮೆಟ್ಟಿದವರಲ್ಲ. "ಹಕ್ಕಿಯಿಂದ ರೋಗ ಬರುವುದಿಲ್ಲ ಎಂದು ಬರೆದುಕೊಡುತ್ತೀರಾ?" ಎಂದು ನನ್ನನ್ನೇ ಕೇಳಿದರು. ನಾನು ಹೇಗೆ ಬರೆದುಕೊಡಲಿ? ಪಕ್ಕದ ದೇಶದ ಒಬ್ಬ ರೈತನಿಗೆ ನಿಯಮ ಬರುವ ಮೊದಲೇ ಹಕ್ಕಿ ಇಳಿಯುವ ಕೊಳ ಮುಚ್ಚಲು ಹೇಳಿದರು, ಅವನು ಮುಚ್ಚುವುದಿಲ್ಲ ಎಂದ. ಅವನ ಲಾರಿ ಬಂದರಿನಲ್ಲೇ ನಿಂತು, ಸೊಪ್ಪೆಲ್ಲ ಕೊಳೆಯಿತು. ಆಮೇಲೆ ಅವನ ಫೋನನ್ನೂ ಯಾರೂ ಎತ್ತಲಿಲ್ಲ. ನಿನಗೆ ಹಾಗಾಗುವುದನ್ನು ನಾನು ಇಲ್ಲಿ ಕೂತು ನೋಡಬೇಕಾ? ನಮ್ಮ ಕಂಪನಿ ಕೈಬಿಟ್ಟರೆ ಆ ಹೊಲ ಉಳಿಯುವುದಿಲ್ಲ. ಹೊಲ ಉಳಿಯದಿದ್ದರೆ ಅಪ್ಪ ಯಾವ ಬೇಲಿ ಹಿಡಿದು ಎಲ್ಲಿಗೆ ನಡೆಯುತ್ತಾನೆ?

ಮನೆಯಿಂದ ಪಂಪ್‌ಮನೆಗೆ ಗೂಟ ಹೊಡೆದು ಒಂದು ಹಗ್ಗ ಕಟ್ಟು. ಹಿಡಿದುಕೊಂಡು ಹೋಗಲಿ. ಮುಳ್ಳಿನಿಂದ ಅವನ ಕೈಯಾದರೂ ಉಳಿಯುತ್ತದೆ.

ಚಿಕ್ಕಂದಿನಿಂದ ನಾನು ಹೇಳಿದ್ದನ್ನೆಲ್ಲ ನೀನು ಮೊದಲು ಇಲ್ಲ ಎಂದು, ಆಮೇಲೆ ಮಾಡಿದವನು. ಈ ಸಲ ಮೊದಲೇ ಮಾಡಿಬಿಡು.

ಅಕ್ಕ

ಏಪ್ರಿಲ್ 2

ಅಕ್ಕನಿಗೆ,

ಮಾಡಿದೆ.

ಮಣ್ಣು ಅಗೆಯುವ ಯಂತ್ರ ಬಂದಿತ್ತು. ಅಮ್ಮ ವರ್ಷಗಟ್ಟಲೆ ಒಂದೊಂದಾಗಿ ನೆಟ್ಟಿದ್ದನ್ನು ಮಧ್ಯಾಹ್ನದ ಊಟದೊಳಗೆ ಮುಗಿಸಿ, ಕಂದಕವನ್ನೂ ತೋಡಿ ಹೋಯಿತು. ಅಪ್ಪನಿಗೆ ಮುಂಚೆಯೇ ಹೇಳಿದ್ದೆ. "ಅವಳು ಹೇಳಿದ್ಳಾ?" ಎಂದ. ಹೌದು ಅಂದೆ. "ಹಾಗಾದ್ರೆ ಯೋಚನೆ ಮಾಡೇ ಹೇಳಿರ್ತಾಳೆ" ಎಂದ. ಯಂತ್ರ ಓಡುವಾಗ ಒಳಗೆ ಗೋಡೆಗೆ ಮುಖ ಮಾಡಿ ಮಲಗಿದ್ದ. ನಿಂಬೆ ಕಿತ್ತಾಗ ಮಾತ್ರ ವಾಸನೆ ಮನೆಯೊಳಗೆಲ್ಲ ತುಂಬಿತು. ಆಗ ಎದ್ದು ಕೂತ.

ಹಗ್ಗ ಕಟ್ಟಿದ್ದೇನೆ. ಹಿಡಿದು ಹೋಗುತ್ತಾನೆ, ಆದರೆ ಅವನಿಗೆ ಅದು ಸೇರಿಲ್ಲ. "ಹಗ್ಗ ಎಲ್ಲಾ ಕಡೆ ಒಂದೇ ಥರ ಕಣೋ. ಎಷ್ಟು ದೂರ ಬಂದೆ, ಇನ್ನೆಷ್ಟಿದೆ, ಏನೂ ಹೇಳಲ್ಲ" ಅನ್ನುತ್ತಾನೆ. ಅರ್ಧ ದಾರಿಯಲ್ಲಿ ನಿಂತು ನನ್ನನ್ನು ಕೂಗುತ್ತಾನೆ. ನಾನು ಎಲ್ಲಿದ್ದರೂ ಉತ್ತರ ಕೊಡಬೇಕು. ಆ ಸದ್ದು ಕೇಳಿ ದಿಕ್ಕು ಹಿಡಿದು ಮುಂದೆ ಹೋಗುತ್ತಾನೆ.

ಇನ್ನೊಂದು ಸಂಗತಿ ನಿಮ್ಮ ಕೋಣೆಯವರಿಗೆ ತಿಳಿಸು. ಬೇಲಿ ಹೋದ ಮೇಲೆ ಹಕ್ಕಿಗಳು ಹೋದವು, ಗಿಡದ ಹೇನು ತಿನ್ನುವ ಗುಲಗಂಜಿ ಹುಳುಗಳೂ ಹೋದವು. ಈಗ ಎಲೆಯ ಅಡಿಯಲ್ಲಿ ಹೇನು ಮುತ್ತಿವೆ. ಇಷ್ಟು ವರ್ಷ ನಾನು ಸೊಪ್ಪಿಗೆ ಔಷಧಿ ಹೊಡೆದವನಲ್ಲ. ಈಗ ಬೆನ್ನಿಗೆ ಡಬ್ಬಿ ಕಟ್ಟಿಕೊಂಡು ಓಡಾಡುತ್ತಿದ್ದೇನೆ. ಇವಳು ನನ್ನ ಅಂಗಿಗಳನ್ನು ಬೇರೆಯಾಗಿ ಒಗೆಯುತ್ತಾಳೆ.

ಮೊಂಡ

ಮೇ 30

ಮೊಂಡ,

ನಿನ್ನ ಹೊಲ ಮೊದಲ ಪಟ್ಟಿಯಲ್ಲೇ ಬಂದಿದೆ! ಮೇಜಿನ ಕೆಳಗೆ ಕೈ ಗಟ್ಟಿಯಾಗಿ ಹಿಡಿದುಕೊಂಡು ಕೂತಿದ್ದೆ, ಎಲ್ಲಿ ಮುಖದಲ್ಲಿ ಗೊತ್ತಾಗಿಬಿಡುತ್ತದೋ ಎಂದು.

ಈಗ ಗಮನವಿಟ್ಟು ಓದು. ಅಂಗಡಿಗಳ ದೊಡ್ಡವರು ಪಾಸಾದ ಹೊಲಗಳನ್ನು ಕಣ್ಣಾರೆ ನೋಡಬೇಕಂತೆ. ಅವರನ್ನು ಕರೆದುಕೊಂಡು ಬರುವವಳು ನಾನೇ. ಜೂನ್ ಕೊನೆಗೆ ನಿನ್ನ ಹೊಲಕ್ಕೂ ಬರುತ್ತೇವೆ. ನೀನು ನನ್ನನ್ನು ಮೇಡಂ ಎನ್ನಬೇಕು, ನಾನು ನಿನ್ನನ್ನು ರೈತರೇ ಎನ್ನುತ್ತೇನೆ. ನಗು ಬಂದರೆ ಕೆಮ್ಮು. ಹಗ್ಗ ಬಿಚ್ಚಿಡು. ಅದು ಯಾಕೆ, ಯಾರು ಹಿಡಿಯುತ್ತಾರೆ ಎಂದು ಕೇಳುತ್ತಾರೆ. ಹೊಲದೊಳಗೆ ಕೆಲಸದವರಲ್ಲದ ಯಾರೂ ಕಾಲಿಡಬಾರದು ಎಂಬ ನಿಯಮವೂ ಇದೆ.

ಅಪ್ಪನಿಗೆ ಹೇಳಬೇಡ. ಹೇಳಿದರೆ ಸುಮ್ಮನೆ ಕೂರುವವನಲ್ಲ. ಒಳಗೆ ಕೂರಿಸಿ ರೇಡಿಯೊ ಜೋರಾಗಿ ಹಾಕಿಬಿಡು. ಮನೆ ಬಾಗಿಲಿಗೆ ಬಂದು ಅಪ್ಪನನ್ನು ನೋಡದೆ ಹೋಗುವುದು ನನಗೇನು ಸುಲಭ ಅಂದುಕೊಂಡೆಯಾ? ವರ್ಷದ ಕೊನೆಗೆ ರಜೆ ಹಾಕಿ ಬರುತ್ತೇನೆ, ಒಂದು ತಿಂಗಳು ಕೂತು ಬಾಯಿ ನೋಯುವಷ್ಟು ಮಾತಾಡುತ್ತೇನೆ.

ಅಕ್ಕ

ಜೂನ್ 9

ಅಕ್ಕನಿಗೆ,

ಬಾ. ಎಲ್ಲ ನೀನು ಹೇಳಿದಂತೆ ಮಾಡುತ್ತೇನೆ.

ಅವರನ್ನು ಹೋಟೆಲಿಗೆ ಬಿಟ್ಟು ಸಂಜೆ ಒಂದು ಗಳಿಗೆ ಒಬ್ಬಳೇ ಬರಲಾಗುವುದಿಲ್ಲವಾ? ಯಾರಿಗೂ ಗೊತ್ತಾಗದ ಹಾಗೆ ನಾನೇ ಗಾಡಿ ತರುತ್ತೇನೆ. ನಿನ್ನ ಹಳೆಯ ಕಾಗದಗಳ ಅಂಚು ಸವೆದು ಹೋಗಿದೆ. ನಾನು ಊರಲ್ಲಿಲ್ಲದಾಗ ಅಪ್ಪ ಅವನ್ನು ಸುಮ್ಮನೆ ಕೈಯಲ್ಲಿಟ್ಟುಕೊಂಡು ಕೂತಿರುತ್ತಾನೆ ಎಂದು ಇವಳು ಹೇಳಿದಳು.

ಮೊಂಡ

ಜೂನ್ 28

ಮೊಂಡ,

ವಿಮಾನದಲ್ಲೇ ಬರೆಯುತ್ತಿದ್ದೇನೆ. ಸಂಜೆ ಬರಲಾಗಲಿಲ್ಲ, ಕ್ಷಮಿಸು. ಅವರು ಮುಂದಿನ ಊರಿಗೆ ಅವತ್ತೇ ಹೊರಟರು.

ನಿನ್ನ "ನಮಸ್ಕಾರ ಮೇಡಂ" ಕೇಳಿ ನಿಜವಾಗಿಯೂ ಕೆಮ್ಮು ಬಂತು. ಅತಿಥಿಗಳಿಗೆ ಎಲ್ಲ ಬಹಳ ಹಿಡಿಸಿತು. ತೊಳೆಯುವ ತೊಟ್ಟಿ, ಕ್ರೇಟುಗಳು, ನಿನ್ನ ಹೆಂಡತಿ ಹಾಕಿಕೊಂಡಿದ್ದ ಬಿಳಿ ಟೋಪಿ, ಎಲ್ಲವೂ. ಸುತ್ತಲಿನ ಬೋಳು ನೆಲ ನೋಡಿ ಒಬ್ಬರು, ಆಸ್ಪತ್ರೆಯಷ್ಟು ಚೊಕ್ಕಟವಾಗಿದೆ ಎಂದರು. ಅವರು ಹೊಗಳಿದ್ದು, ನಾನೂ ನಕ್ಕೆ. ಆದರೆ ನಮ್ಮ ಮನೆಯ ಹಿಂದೆ ಅಷ್ಟು ದೂರ ಆಕಾಶ ಕಾಣುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಕಿಟಕಿಯಲ್ಲಿ ಅಪ್ಪನ ಟವೆಲ್ಲು ಒಣಗುತ್ತಿತ್ತು. ಅದರ ಕಡೆಗೆ ನೋಡಬಾರದು ಎಂದುಕೊಂಡು ಅದನ್ನೇ ನೋಡುತ್ತಿದ್ದೆ.

ಒಂದು ಸಲ ಅತ್ತ ನೋಡಿ ಆಡುತ್ತಿದ್ದ ಮಾತು ನಿಲ್ಲಿಸಿಬಿಟ್ಟೆ. ಹೊಲದ ಆ ತುದಿಯಲ್ಲಿ ಅಪ್ಪ ನಿಂತಿದ್ದ ಅಲ್ಲವಾ? ಹೊಲ ನೋಡುವವನಂತೆ ಸುಮ್ಮನೆ ನಿಂತಿದ್ದ. ಎಷ್ಟು ಸಣ್ಣಗಾಗಿದ್ದಾನೆ! ಅವರು ನೋಡಿಯಾರು ಎಂದು ಎಲ್ಲರನ್ನೂ ತೊಟ್ಟಿಯ ಕಡೆಗೆ ತಿರುಗಿಸಿ, ಅವರ ಗಮನ ಅತ್ತಿತ್ತ ಹೋಗದಿರಲಿ ಎಂದು ಜೋರು ಜೋರಾಗಿ ಮಾತಾಡಿದೆ. ಯಾರೂ ನೋಡಲಿಲ್ಲ. ಸದ್ಯ.

ಗಾಳಿಗೆ ಬಂದಿದ್ದ ಅನ್ನಿಸುತ್ತದೆ. ಪಾಪ, ನಾನು ಅಷ್ಟು ಹತ್ತಿರ ಇದ್ದೆ ಎಂದು ಅವನಿಗೇನು ಗೊತ್ತು.

ಅಕ್ಕ

ಜುಲೈ 3

ಅಕ್ಕನಿಗೆ,

ಅಪ್ಪ ಬಚ್ಚಲಲ್ಲಿ ಜಾರಿಬಿದ್ದ. ಸೊಂಟದ ಮೂಳೆ ಮುರಿದಿದೆ. ಈ ವಯಸ್ಸಿನಲ್ಲಿ ಆಪರೇಷನ್ ಬೇಡ, ಮಲಗಿರಲಿ ಎಂದಿದ್ದಾರೆ ಡಾಕ್ಟರು. ಗಾಬರಿಯಾಗಬೇಡ ಎಂದು ಅಪ್ಪ ಬರೆಸಿದ್ದಾನೆ.

ಸೊಪ್ಪಿನ ಲಾರಿ ನಿನ್ನೆ ಹೊರಟಿತು.

ತಮ್ಮ

ಜುಲೈ 14

ಏನೋ ಇದು? ನಾಲ್ಕು ಸಾಲು ಬರೆದರೆ ಮುಗಿಯಿತಾ? ಯಾವ ಡಾಕ್ಟರು, ಎಕ್ಸ್-ರೇ ತೆಗೆದರಾ, ನೋವಿಗೆ ಏನು ಕೊಟ್ಟಿದ್ದಾರೆ? ಫೋನ್ ಮಾಡಿದರೆ "ಅಪ್ಪ ಮಲಗಿದ್ದಾನೆ" ಎಂದು ಇಟ್ಟುಬಿಡುತ್ತೀಯ.

ಕೋಪ ಬರುತ್ತಿದೆ ನನಗೆ. ಕಣ್ಣು ಕಾಣದವರು ಇರುವ ಮನೆ. ಬಚ್ಚಲಿನ ನೆಲಕ್ಕೆ ಒರಟು ಕಲ್ಲು ಹಾಕಿಸಬೇಕು, ಗೋಡೆಗೆ ಹಿಡಿಕೆ ಹಾಕಿಸಬೇಕು ಎಂಬುದು ನಿನಗೆ ಹೊಳೆಯಲಿಲ್ಲವಾ? ಬೇಲಿ ಬೇಲಿ ಎಂದು ನನ್ನ ಜೀವ ತಿಂದೆ. ಕಡೆಗೆ ಅವನು ಬಿದ್ದದ್ದು ಮನೆಯೊಳಗೇ. ನೀನು ಜೊತೆಯಲ್ಲಿದ್ದೀಯ ಎಂಬ ಧೈರ್ಯದ ಮೇಲೆ ತಾನೆ ನಾನು ಇಷ್ಟು ದೂರ ಇರುವುದು.

ಬೈದೆ ಎಂದು ಮುನಿಸಿಕೊಳ್ಳಬೇಡ. ಬರೆ. ಈ ಪತ್ರವನ್ನು ಅಪ್ಪನಿಗೆ ಓದಬೇಡ. ಇನ್ನೊಂದು ಹಾಳೆ ಇಟ್ಟಿದ್ದೇನೆ.

ಅಕ್ಕ

ಸೆಪ್ಟೆಂಬರ್ 20

ತಮ್ಮಾ,

ಊರಿಂದ ಹಿಂತಿರುಗಿ ಬಂದು ಇಲ್ಲಿ ಮನೆಯ ಬಾಗಿಲು ತೆಗೆದವಳೇ ಟಪಾಲಿನ ರಾಶಿಯಲ್ಲಿ ನಿನ್ನ ಕೈಬರಹ ಹುಡುಕಿದೆ. ನಿನ್ನ ಜೊತೆಯಲ್ಲೇ ಅಷ್ಟು ದಿನ ಇದ್ದು ಬಂದವಳು, ಎಂಥ ಹುಚ್ಚು ನೋಡು.

ನಾನು ಊರು ಮುಟ್ಟುವಷ್ಟರಲ್ಲಿ ಅಪ್ಪ ಹೋಗಿ ಎಲ್ಲ ಮುಗಿದಿತ್ತು. ಖಾಲಿ ಮಂಚ, ಅದರ ಪಕ್ಕದ ಗೋಡೆಯ ಮೇಲೆ ಮಲಗಿದವರ ಕೈ ಎಟುಕುವಷ್ಟು ಎತ್ತರಕ್ಕೆ ಒಂದು ಉದ್ದನೆಯ ಕಪ್ಪು ಗೆರೆ. ಏನದು ಎಂದು ಕೇಳಿದ್ದಕ್ಕೆ "ಕೈ ಒರೆಸಿಕೊಳ್ತಿದ್ದ" ಎಂದೆ. ಆಮೇಲೂ ಅಷ್ಟೆ, ಕೇಳಿದ್ದಕ್ಕೆ ಮಾತ್ರ ಉತ್ತರ. ನೀನು ದಣಿದಿದ್ದೆ ಎಂದು ನಾನೂ ಬಿಟ್ಟೆ. ಬಚ್ಚಲಿಗೆ ಹೋದಾಗ ನೆಲ ನೋಡಿದೆ. ಒರಟು ಕಲ್ಲೇ ಇದೆ. ಆಮೇಲೆ ಹಾಕಿಸಿದೆಯೇನೋ. ಬೈದು ಬರೆದಿದ್ದಕ್ಕೆ ನಾಚಿಕೆಯಾಯಿತು, ಆದರೆ ಎದುರಿಗೆ ಹೇಳಲಾಗಲಿಲ್ಲ.

ಬಹಳ ಅಳು ಬರುತ್ತದೆ. ಬಸ್ಸಿನಲ್ಲಿ, ಅಂಗಡಿಯಲ್ಲಿ ಸೊಪ್ಪಿನ ಪೊಟ್ಟಣಗಳ ಮುಂದೆ, ಎಲ್ಲೆಂದರಲ್ಲಿ. ಜೂನ್‌ನಲ್ಲಿ ಅಷ್ಟು ಹತ್ತಿರ ಬಂದು ಮುಟ್ಟದೆ ಹೋದೆ. ಒಂದೇ ಸಮಾಧಾನ, ನಾನು ಬಂದಿದ್ದು ಅವನಿಗೆ ಗೊತ್ತಾಗಲಿಲ್ಲ. ಗೊತ್ತಾಗಿದ್ದರೆ ಎಷ್ಟು ನೊಂದುಕೊಳ್ಳುತ್ತಿದ್ದನೋ. ಅದೊಂದನ್ನು ಹಿಡಿದುಕೊಂಡು ದಿನ ದೂಡುತ್ತಿದ್ದೇನೆ.

ಬರೆಯೋ. ಅಪ್ಪ ಇಲ್ಲ ಎಂದು ಪತ್ರವೂ ನಿಲ್ಲಬೇಕಾ?

ಅಕ್ಕ

ಜನವರಿ 15

ತಮ್ಮಾ,

ಸೆಪ್ಟೆಂಬರಿನ ಪತ್ರಕ್ಕೆ ಉತ್ತರವಿಲ್ಲ, ನವೆಂಬರಿನದಕ್ಕೂ ಇಲ್ಲ. ಫೋನಿನಲ್ಲಿ ಸೊಪ್ಪಿನ ರೇಟು ಬಿಟ್ಟು ನಿನಗೆ ಬೇರೆ ಮಾತಿಲ್ಲ. ಇರಲಿ. ಇದನ್ನು ಓದಿದರೆ ನೀನು ಬರೆದೇ ಬರೆಯುತ್ತೀಯ.

ಕಂಪನಿಯ ಗಾಳಿ ತಿರುಗಿದೆ. ಆ ಸೋಂಕು ಎಲ್ಲಿಂದ ಬಂತು ಎಂದು ಕೊನೆಗೂ ಗೊತ್ತಾಯಿತು. ಹಕ್ಕಿಯೂ ಅಲ್ಲ, ಬೇಲಿಯೂ ಅಲ್ಲ, ಒಂದು ಕಾರ್ಖಾನೆಯಲ್ಲಿ ತೊಳೆಯುವ ನೀರಿನಿಂದ. ಈ ನಡುವೆ ಜೇನುಹುಳು ಕಡಿಮೆಯಾದವು, ಔಷಧಿ ಹೆಚ್ಚಾಯಿತು ಎಂದು ಇಲ್ಲಿನ ಜನ ಅಂಗಡಿಗಳ ಮುಂದೆ ಬೋರ್ಡು ಹಿಡಿದು ನಿಂತರು. ಈಗ ಅದೇ ಕೋಣೆ, ಅದೇ ಮೇಜು, ಅದೇ ವಕೀಲರು. ಪೊಟ್ಟಣದ ಮೇಲೆ, ಹಕ್ಕಿ ಹುಳುಗಳಿಗೆ ಹಾನಿಯಿಲ್ಲದೆ ಬೆಳೆದದ್ದು ಎನ್ನುವ ಹಸಿರು ಚಿಟ್ಟೆಯ ಗುರುತು ಬೇಕೆಂದರೆ ಹೊಲದ ಸುತ್ತ ಬೇಲಿ ಇರಲೇಬೇಕಂತೆ, ಅದೂ ಬಗೆಬಗೆಯ ಗಿಡಗಳದ್ದು. ಸಸಿ, ಗುಂಡಿ, ಕೂಲಿ, ಎಲ್ಲ ಖರ್ಚೂ ಕಂಪನಿಯದೇ. ಕಂದಕ ಮುಚ್ಚಿಸುವುದೂ ಅವರೇ.

ಅಮ್ಮನ ಬೇಲಿಯನ್ನು ಹಾಗೆಯೇ ಮತ್ತೆ ನೆಡೋಣ ಮೊಂಡ! ನಾನು ಮೀಟಿಂಗಿನಲ್ಲಿ ಎದ್ದು ನಿಂತು ಆ ಕಥೆ ಹೇಳಿದೆ. ಯಾರ ಮನೆಯದೆಂದು ಹೇಳಲಿಲ್ಲ. ಕಣ್ಣಿಲ್ಲದ ಒಬ್ಬ ರೈತ ಎಲೆ ಮುಟ್ಟಿ ದಾರಿ ತಿಳಿಯುತ್ತಿದ್ದ ಎಂದಷ್ಟೇ ಹೇಳಿದೆ. ಕೋಣೆಯಲ್ಲಿ ಕೆಲವರ ಕಣ್ಣು ಒದ್ದೆಯಾಯಿತು. ಆ ಚಿತ್ರವನ್ನೇ ಪೊಟ್ಟಣದ ಮೇಲೆ ಹಾಕೋಣ ಎನ್ನುತ್ತಿದ್ದಾರೆ. ಒಂದು ಮುದಿ ಕೈ, ಅದರ ಕೆಳಗೆ ಎಲೆಗಳು. ಅಪ್ಪನ ಕೈ ಕಾಣುವ ಫೋಟೊ ಏನಾದರೂ ಇದೆಯಾ ನೋಡು. ಮತ್ತೆ ಯಾವ ಗಿಡ ಆದಮೇಲೆ ಯಾವ ಗಿಡ ಇತ್ತು, ಆ ಸಾಲು ಬರೆದು ಕಳಿಸು. ಅಪ್ಪನನ್ನು ಎಲ್ಲೋ ಒಂದು ಕಡೆ ಮತ್ತೆ ನಡೆಸಿದ ಹಾಗಾಗುತ್ತದೆ.

ಅಕ್ಕ

ಫೆಬ್ರವರಿ 2

ಅಕ್ಕ,

ನಾನು ಬರೆಯಬಾರದು ಅಂತಲೇ ಸುಮ್ಮನಿದ್ದೆ. ಪೆನ್ನು ಹಿಡಿದರೆ ಇದನ್ನೇ ಬರೆದುಬಿಡುತ್ತೇನೆ ಎಂಬ ಹೆದರಿಕೆ. ಅಪ್ಪನಿಗೆ ಮಾತು ಕೊಟ್ಟಿದ್ದೆ. ಆದರೆ ಅವನ ಕೈಯನ್ನು ಪೊಟ್ಟಣದ ಮೇಲೆ ಹಾಕುತ್ತೇವೆ ಎಂದು ಬರೆದೆಯಲ್ಲ, ಇನ್ನು ನನ್ನ ಕೈಲಾಗುವುದಿಲ್ಲ.

ಅಪ್ಪ ಬಚ್ಚಲಲ್ಲಿ ಬೀಳಲಿಲ್ಲ. ಆ ಒರಟು ಕಲ್ಲು ಅವನ ಕಣ್ಣು ಹೋದ ವರ್ಷವೇ ಹಾಕಿಸಿದ್ದು.

ನೀವು ಬಂದ ದಿನ ಇವಳು ನೀನು ಹೇಳಿದಂತೆ ರೇಡಿಯೊ ಹಾಕಿ ಸೊಪ್ಪು ತೊಳೆಯುವ ಶೆಡ್ಡಿಗೆ ಬಂದಳು. ನಡುವೆ ಕರೆಂಟು ಹೋಯಿತು. ರೇಡಿಯೊ ನಿಂತಿತು, ಕಿಟಕಿ ತೆಗೆದಿತ್ತು. ನೀನು ಅವರ ಭಾಷೆಯಲ್ಲಿ ಮಾತಾಡುತ್ತಿದ್ದೆ. ಅವನಿಗೆ ಒಂದು ಪದ ಅರ್ಥವಾಗದಿದ್ದರೂ ದನಿ ಗೊತ್ತಾಯಿತು. ಎದ್ದು ಹೊರಗೆ ಬಂದ. ಬೇಲಿ ಇರಲಿಲ್ಲ, ಹಗ್ಗವನ್ನು ನಾನೇ ಬಿಚ್ಚಿದ್ದೆ. ನಿನ್ನ ದನಿ ಹಿಡಿದು ನಡೆದ.

ಹೊಲ ನೋಡುವವನಂತೆ ಸುಮ್ಮನೆ ನಿಂತಿದ್ದ ಎಂದು ಬರೆದಿದ್ದೆಯಲ್ಲ ಅಕ್ಕ, ಆಗ ನೀನು ಮಾತು ನಿಲ್ಲಿಸಿದ್ದೆ. ಅದಕ್ಕೆ ಅವನೂ ನಿಂತಿದ್ದ. ಆಮೇಲೆ ಅವರನ್ನು ತೊಟ್ಟಿಯ ಕಡೆ ತಿರುಗಿಸಿ ಜೋರಾಗಿ ಮಾತಾಡಲು ಶುರು ಮಾಡಿದೆ. ಅವನೂ ಅತ್ತ ತಿರುಗಿ ಜೋರಾಗಿ ನಡೆಯಲು ಶುರು ಮಾಡಿದ. ನಾನು ನೋಡುತ್ತಲೇ ಇದ್ದೆ. ನಿನ್ನ ಪಕ್ಕದಲ್ಲೇ ನಿಂತು ಅತಿಥಿಗಳಿಗೆ ಹಲ್ಲು ಕಿರಿಯುತ್ತಿದ್ದೆ, ಓಡಲಿಲ್ಲ. ನಿನ್ನ ಮೇಲೊಂದೇ ಹೊರಿಸುತ್ತಿಲ್ಲ. ನೀವು ಕಾರು ಹತ್ತಿದಿರಿ, ಬಾಗಿಲುಗಳು ಹಾಕಿಕೊಂಡವು. ಅವನು ಆ ಸದ್ದಿನ ಕಡೆಗೆ ಬಂದ. ನಡುವೆ ಕಂದಕ ಇತ್ತು.

ನಾನು ಕಂದಕಕ್ಕೆ ಇಳಿದಾಗ ಒಂದು ಮಗ್ಗುಲಾಗಿ ಮಣ್ಣಲ್ಲಿ ಬಿದ್ದಿದ್ದ. "ಹೋದ್ಳಾ?" ಎಂದ. ಹೂಂ ಅಂದೆ. "ದನಿ ಗಟ್ಟಿಯಾಗಿದೆ, ಆರೋಗ್ಯವಾಗಿದಾಳೆ" ಎಂದ. ಎತ್ತುವಾಗ ನೋವಿಗೆ ನನ್ನ ಭುಜ ಕಚ್ಚಿದ. ಆಮೇಲೆ ಗಾಡಿಯಲ್ಲಿ ಹೋಗುವಾಗ, "ಅವಳಿಗೆ ಗೊತ್ತಾಗ್ಬಾರ್ದು ಕಣೋ. ಬಚ್ಚಲಲ್ಲಿ ಜಾರಿದ ಅಂತ ಬರಿ. ಏನೋ ಕಷ್ಟ ಇದ್ದಿದ್ದಕ್ಕೇ ಮಾತಾಡಿಸ್ದೆ ಹೋಗಿರೋದು" ಎಂದ. ನೀನು ಬಚ್ಚಲಿನ ನೆಲಕ್ಕೆ ನನ್ನನ್ನು ಬೈದ ಪತ್ರ ಬಂದಾಗ ಇವಳು ಅತ್ತಳು. ನಾನು ಅದನ್ನು ಹೊಟ್ಟೆಗೆ ಹಾಕಿಕೊಂಡು, ನಿನ್ನ ಇನ್ನೊಂದು ಹಾಳೆಯನ್ನು ಅಪ್ಪನಿಗೆ ಓದಿದೆ.

ಈಗ ಗಿಡಗಳ ಸಾಲು. ನನಗೆ ಯಾವ ಯಾವ ಗಿಡ ಇದ್ದವು ಎಂದು ಗೊತ್ತು, ಯಾವುದರ ಪಕ್ಕ ಯಾವುದು ಎಂದು ಗೊತ್ತಿಲ್ಲ. ನನಗೆ ಕಣ್ಣಿತ್ತು, ಸಾಲು ಯಾಕೆ ಬೇಕಿತ್ತು? ಗೊತ್ತಿದ್ದದ್ದು ಅಪ್ಪನಿಗೆ. ಕೊನೆಯ ದಿನಗಳಲ್ಲಿ ಅವನು ಮಲಗಿದಲ್ಲೇ ಗೋಡೆಯ ಮೇಲೆ ಕೈ ಸರಿಸುತ್ತಾ ನಡೆಯುತ್ತಿದ್ದ. ನೀನು ನೋಡಿದ ಗೆರೆ ಅದೇ. ಪಕ್ಕದಲ್ಲಿ ಕೂತು ಕೇಳಿದ್ದೇನೆ, ಅವನು ಹೇಳಿದಂತೆಯೇ ಬರೆಯುತ್ತೇನೆ:

"ಮೊದ್ಲು ದಾಸವಾಳ, ಮೆತ್ತಗಿದೆ. ಆಮೇಲೆ ದಾಳಿಂಬೆ, ಹುಷಾರು, ಚುಚ್ಚತ್ತೆ. ಹಿಪ್ಪುನೇರಳೆ, ಒರಟೆಲೆ. ಇದು ಸೀಬೆ, ಕಾಂಡ ನುಣುಪು. ಮತ್ತೆ ದಾಳಿಂಬೆ, ನಿಮ್ಮಮ್ಮ ಮರೆತು ಎರಡೆರಡು ಸಲ ನೆಟ್ಲು. ಆಹ್, ನಿಂಬೆ ಬಂತು. ಈಗ ಬಲಕ್ಕೆ."

ಅಲ್ಲಿಗೆ ಗೋಡೆ ಮುಗಿಯುತ್ತಿತ್ತು. ಬಲಕ್ಕೆ ಹಿಡಿಯಲು ಏನೂ ಸಿಗದೆ ಕೈ ಗಾಳಿಯಲ್ಲಿ ನಿಂತುಬಿಡುತ್ತಿತ್ತು. ಸ್ವಲ್ಪ ಹೊತ್ತು ಹಾಗೇ ತಡವಿ, ಮತ್ತೆ ದಾಸವಾಳದಿಂದ ಶುರು ಮಾಡುತ್ತಿದ್ದ. ಪಂಪ್‌ಮನೆಯವರೆಗೆ ಒಂದು ದಿನವೂ ಹೋಗಲಿಲ್ಲ. ಆದ್ದರಿಂದ ನಿಂಬೆಯ ಮುಂದೆ ಏನಿತ್ತು ಎಂದು ನನಗೆ ಗೊತ್ತಿಲ್ಲ. ನಿನಗೆ ನೆನಪಿದ್ದರೆ ಬರೆ.

ತಮ್ಮ

ಫೆಬ್ರವರಿ 20

ತಮ್ಮಾ,

ನಿನ್ನ ಪತ್ರವನ್ನು ಎಷ್ಟು ಸಲ ಓದಿದೆ ಎಂದು ಹೇಳಲಾರೆ. ಓದಿ ಮಡಿಸಿಟ್ಟು, ಮತ್ತೆ ತೆಗೆಯುತ್ತೇನೆ. ಅಪ್ಪ ಯಾಕೆ ಕಾಗದವೇ ಬೇಕು ಎನ್ನುತ್ತಿದ್ದ ಎಂದು ಈಗ ಗೊತ್ತಾಗುತ್ತಿದೆ.

ನಿಂಬೆಯ ಮುಂದೆ ಏನಿತ್ತು ಎಂದು ನನಗೂ ನೆನಪಿಲ್ಲ. ಆಫೀಸಿನಲ್ಲಿ ಎಲ್ಲ ಹೊಲಗಳನ್ನೂ ಮೇಲಿನಿಂದ ತೆಗೆದ ಉಪಗ್ರಹದ ಚಿತ್ರಗಳಿವೆ. ನಮ್ಮದರ ಹಳೆಯ ಚಿತ್ರ ಹುಡುಕಿ ತೆಗೆದೆ. ಮನೆಯಿಂದ ಪಂಪ್‌ಮನೆಯವರೆಗೆ ಒಂದು ಹಸಿರು ದಾರ. ದೊಡ್ಡದು ಮಾಡಿದೆ, ಇನ್ನೂ ದೊಡ್ಡದು ಮಾಡಿದೆ. ಕೊನೆಗೆ ಹಸಿರು ಚೌಕಗಳು ಮಾತ್ರ ಉಳಿದವು. ಯಾವುದು ದಾಸವಾಳ, ಯಾವುದು ನಿಂಬೆ, ಏನೂ ಕಾಣುವುದಿಲ್ಲ. ಆ ದಾರದ ಕೊನೆಯಲ್ಲಿ ಒಂದು ಚುಕ್ಕಿ ಇದೆ. ಪಂಪ್‌ಮನೆಯ ಕಟ್ಟೆಯ ಮೇಲೆ ಅಪ್ಪ ಕೂತಿರಬಹುದು ಎಂದು ಅದನ್ನೇ ನೋಡುತ್ತಾ ಅತ್ತೆ. ಪಕ್ಕದ ಮೇಜಿನವಳು ನೀರು ತಂದುಕೊಟ್ಟಳು. ಅದು ನಮ್ಮಪ್ಪನ ಹೊಲ ಎಂದು ಅವಳಿಗೆ ಹೇಳಿದೆ. ಸಂಜೆಯೊಳಗೆ ಎಲ್ಲರಿಗೂ ಗೊತ್ತಾಗಿತ್ತು. ಏನು ಮಾಡುತ್ತಾರೋ ಮಾಡಿಕೊಳ್ಳಲಿ. ನಿನ್ನ ಹೊಲಕ್ಕೆ ತೊಂದರೆ ಕೊಡಬೇಡಿ ಎಂದು ಕೇಳಿಕೊಂಡಿದ್ದೇನೆ. ಕೈಯ ಚಿತ್ರ ಮಾತ್ರ ಬೇಡವೇ ಬೇಡ ಎಂದಿದ್ದೇನೆ.

ನನ್ನನ್ನು ಕ್ಷಮಿಸು ಎಂದು ಕೇಳುವುದಿಲ್ಲ. ಯಾರನ್ನು ಕೇಳಬೇಕಾಗಿತ್ತೋ ಅವನು ನಾನು ಕೇಳುವ ಮೊದಲೇ ಕ್ಷಮಿಸಿ ಹೋಗಿದ್ದಾನೆ. ಅದೇ ನನಗೆ ತಡೆಯಲಾಗುತ್ತಿಲ್ಲ ಕಣೋ.

ನಿಂಬೆಯವರೆಗೆ ಅವನು ಹೇಳಿದಂತೆಯೇ ನೆಡು, ದಾಳಿಂಬೆಯನ್ನೂ ಎರಡು ಸಲ. ಅಲ್ಲಿಂದ ಮುಂದೆ ಖಾಲಿ ಬಿಡು. ಕಂದಕವನ್ನೂ ಈಗಲೇ ಮುಚ್ಚಬೇಡ, ನಾನು ಬರುತ್ತಿದ್ದೇನೆ. ಇಬ್ಬರೂ ಸೇರಿ ಮುಚ್ಚೋಣ. ಆಮೇಲೆ ನೀನು ಹೋಗಿ ಪಂಪ್‌ಮನೆಯ ಕಟ್ಟೆಯ ಮೇಲೆ ನಿಂತುಕೋ. ನಾನು ನಿಂಬೆಯ ಹತ್ತಿರ ಕಣ್ಣು ಮುಚ್ಚಿ ನಿಂತಿರುತ್ತೇನೆ. ಅಕ್ಕಾ ಎಂದು ಕೂಗು. ನಾನು ಬಂದು ಮುಟ್ಟುವವರೆಗೂ ಕೂಗುತ್ತಲೇ ಇರು, ನಡುವೆ ನಿಲ್ಲಿಸಬೇಡ.

ಅಕ್ಕ